ಹನ್ನೊಂದು ಸಲ ಕೇಯಾಸ್

ಪ್ರೀತಿಯ ತಂಗಿಗೆ,

ಕಥೆ ತಲುಪಿತು. ಎರಡು ಸಲ ಓದಿದೆ, ಎರಡನೆಯ ಸಲ ಪೆನ್ಸಿಲ್ ಹಿಡಿದು. 23 ಪುಟಗಳಲ್ಲಿ ‘ಕೇಯಾಸ್’ (ಇಂಗ್ಲಿಷಿನ chaos, ಎಲ್ಲ ಕಲಸಿಹೋದ ಸ್ಥಿತಿ) 11 ಸಲ ಬಂದಿದೆ. ಶೀರ್ಷಿಕೆಯಲ್ಲಿರುವುದನ್ನು ಲೆಕ್ಕಕ್ಕೆ ಹಿಡಿದಿಲ್ಲ. ಜೊತೆಗಿಟ್ಟ ಕಾಗದದಲ್ಲಿ ಇನ್ನೊಂದು: ‘ತಲೆ ತುಂಬ ಕೇಯಾಸ್, ಬರೆಯೋದು ಇನ್ನು ನನ್ನಿಂದಾಗಲ್ಲ ಅನಿಸ್ತಿದೆ.’ ಆ ಸಾಲು ಓದಿದ ಮೇಲೆ ನಾಲ್ಕು ಒಳ್ಳೆಯ ಮಾತು ಬರೆದು ಕೈತೊಳೆದುಕೊಳ್ಳಲು ಮನಸ್ಸಾಗಲಿಲ್ಲ.

ಕಥೆ ಎಷ್ಟು ಪುಟ ಇರಬೇಕು, ಯಾವ ಪತ್ರಿಕೆಗೆ ಕಳಿಸಬೇಕು, ಟೈಪ್ ಮಾಡುವುದು ‘ನುಡಿ’ ತಂತ್ರಾಂಶದಲ್ಲೋ ಯೂನಿಕೋಡಿನಲ್ಲೋ, ಇವನ್ನೆಲ್ಲ ಯಾರನ್ನು ಕೇಳಿದರೂ ಹೇಳುತ್ತಾರೆ, ಬಿಡು. ನಾನು ಆ ಒಂದು ಪದ ಹಿಡಿದುಕೊಂಡೇ ಕೂರುತ್ತೇನೆ. ‘ಕನ್ನಡದಲ್ಲಿ ಅದಕ್ಕೆ ಸರಿಯಾದ ಪದ ಇಲ್ಲ ಸರ್, ಅದಕ್ಕೇ ಇಂಗ್ಲಿಷ್ ಬಳಸಿದೆ’ ಅಂತ ಮೊದಲೇ ಜಾಮೀನು ತೆಗೆದುಕೊಂಡಿದ್ದೀಯ. ಇಂಗ್ಲಿಷ್ ಪದ ಬಂತೆಂದು ಮೂಗು ಮುರಿಯುವವನಲ್ಲ ನಾನು. ಬಸ್ಸು, ಪೆನ್ನು, ಟಿಕೆಟ್ಟು ಎಲ್ಲ ನಮ್ಮವೇ ಆಗಿಲ್ಲವೆ? ನನ್ನ ತಕರಾರು ಬೇರೆ. ಆ ಪದ ನಿನಗೆ ಇಂಗ್ಲಿಷಿನಲ್ಲೂ ಗೊತ್ತಿಲ್ಲ.

ಮೊದಲು ಅದರ ಹುಟ್ಟು ನೋಡು. ಸಿ, ಎಚ್ ಒಟ್ಟಿಗೆ ಕಂಡವೆಂದು ‘ಚಾವೋಸ್’ ಅನ್ನುವವರಿದ್ದಾರೆ. ಗ್ರೀಕ್ ಮೂಲದ ಪದಗಳಲ್ಲಿ ಆ ಜೋಡಿಗೆ ಕ ಧ್ವನಿ. ಕೆಮಿಸ್ಟ್ರಿ, ಕೋರಸ್, ಸ್ಕೂಲ್ ಎಲ್ಲ ಅದೇ ಸಾಲಿನವು. ಗ್ರೀಕಿನಲ್ಲಿ ಆ ಪದಕ್ಕೆ ಗಲಾಟೆ ಎಂಬ ಅರ್ಥವೂ ಇರಲಿಲ್ಲ, ಚೆಲ್ಲಾಪಿಲ್ಲಿ ಎಂಬ ಅರ್ಥವೂ ಇರಲಿಲ್ಲ. ಬಾಯಿ ತೆರೆದುಕೊಂಡ ಬಿರುಕು, ಆಕಳಿಕೆಯಂಥ ಖಾಲಿ, ಅಷ್ಟೆ. ದೇವತೆಗಳ ಹುಟ್ಟನ್ನು ಹಾಡಿದ ಗ್ರೀಕ್ ಕವಿ ಹೆಸಿಯಡ್ ಎಲ್ಲಕ್ಕಿಂತ ಮೊದಲು ಬಂದದ್ದು ಈ ಕೇಯಾಸ್, ಆಮೇಲೆ ಭೂಮಿ ಅನ್ನುತ್ತಾನೆ. ಅಲ್ಲಿ ಏನೂ ಕಲಸಿಹೋಗಿಲ್ಲ, ಕಲಸಿಹೋಗಲು ಏನಾದರೂ ಇದ್ದರೆ ತಾನೆ? ಅದಾಗಿ ಎಷ್ಟೋ ಶತಮಾನಗಳ ಮೇಲೆ ರೋಮಿನ ಕವಿ ಓವಿಡ್ ಆ ಖಾಲಿಯೊಳಗೆ ಸಾಮಾನು ತುಂಬಿದ. ಅವನ ಕೇಯಾಸ್ ಒಂದು ಹಸಿಹಸಿ ಮುದ್ದೆ. ಬಿಸಿಯೂ ತಂಪೂ, ಒದ್ದೆಯೂ ಒಣಗಿದ್ದೂ ಒಂದರೊಳಗೊಂದು ಗುದ್ದಾಡುತ್ತಿರುವ ರಾಶಿ. ಇಂಗ್ಲಿಷಿನಲ್ಲಿ ಈಗ ನಾವು ಅಂದುಕೊಳ್ಳುವ ಅರ್ಥ ನೆಲೆಯೂರಿದ್ದು ಸುಮಾರು 1600ರ ಹೊತ್ತಿಗೆ. ಅದರ ವಿರುದ್ಧ ಪದ ಕಾಸ್ಮಾಸ್. ಗ್ರೀಕಿನಲ್ಲಿ ಅದಕ್ಕೆ ಒಪ್ಪ ಓರಣ ಎಂಬ ಅರ್ಥವೂ ಇತ್ತು, ಅಲಂಕಾರ ಎಂಬ ಅರ್ಥವೂ ಇತ್ತು. ಮುಖಕ್ಕೆ ಬಳಿಯುವ ಕಾಸ್ಮೆಟಿಕ್ಸ್ ಬಂದದ್ದು ಅಲ್ಲಿಂದಲೇ. ‘ಗ್ಯಾಸ್’ ಎಂಬ ಪದವನ್ನು 17ನೇ ಶತಮಾನದಲ್ಲಿ ವಾನ್ ಹೆಲ್ಮಾಂಟ್ ಎಂಬ ವೈದ್ಯ ಕಟ್ಟಿದ್ದೂ ಇದೇ ಕೇಯಾಸ್‌ನಿಂದ. ಹಾಗಾಗಿ ನಿನ್ನ ಕಥೆಯ ಶೀರ್ಷಿಕೆಯೂ ಅಡುಗೆಮನೆಯ ಸಿಲಿಂಡರಿನೊಳಗಿನದೂ ದಾಯಾದಿಗಳು. ನಗಬೇಡ, ನಿಜ.

ಬಳಕೆಯಲ್ಲೂ ಅದಕ್ಕೆ ಅದರದೇ ಹಟಗಳಿವೆ. ಅದು ಎಣಿಕೆಗೆ ಸಿಗದ ಪದ. ನೀರು, ಧೂಳು ಇದ್ದ ಹಾಗೆ. ನಿನ್ನ ನಾಯಕಿ ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಮಾಡುವವಳು. ಅವಳ ಬಾಯಲ್ಲಿ ಆರನೆಯ ಪುಟದಲ್ಲಿ ‘ಇಟ್ ವಾಸ್ ಎ ಕೇಯಾಸ್’ ಅಂತ ಹೇಳಿಸಿದ್ದೀಯ. ಅವಳು ಹಾಗನ್ನುವುದಿಲ್ಲ. ‘ಇಟ್ ವಾಸ್ ಕೇಯಾಸ್’ ಅನ್ನಬಹುದು, ‘ಎ ಮೆಸ್’ ಅನ್ನಬಹುದು, ಸಿಟ್ಟು ಬಂದಿದ್ದರೆ ‘ಎ ಶ್ಯಾಂಬಲ್ಸ್’ ಅನ್ನಬಹುದು. ಈ ಕೊನೆಯದಕ್ಕೆ ಬಾಲದಲ್ಲಿ ಸ ಇದ್ದರೂ ಹಿಂದೆ ‘ಎ’ ಸೇರುತ್ತದೆ, ಅದೊಂದು ವಿಚಿತ್ರ. ಒಂದೇ ಒಂದು ‘ಎ’ ನಿನ್ನ ನಾಯಕಿಯ ಹದಿನೈದು ವರ್ಷದ ಸರ್ವೀಸನ್ನೇ ಸುಳ್ಳು ಮಾಡಿತು, ನೋಡು.

ಇಂಗ್ಲಿಷಿನವರೂ ಒಂದೇ ಪದದಲ್ಲಿ ಸಂಸಾರ ನಡೆಸಿಲ್ಲ. ಶ್ಯಾಂಬಲ್ಸ್ ಮೊದಲು ಮಣೆ, ಆಮೇಲೆ ಮಾಂಸ ಮಾರುವ ಮೇಜು, ಆಮೇಲೆ ಕಸಾಯಿಖಾನೆ. ಕೆಟ್ಟು ಕೆರ ಹಿಡಿದ ಸ್ಥಿತಿ ಎಂಬ ಅರ್ಥ ತೀರ ಇತ್ತೀಚಿನದು. ಪ್ಯಾಂಡೆಮೋನಿಯಮ್ ಅನ್ನು ಮಿಲ್ಟನ್ 1667ರ ತನ್ನ ಮಹಾಕಾವ್ಯದಲ್ಲಿ ನರಕದ ರಾಜಧಾನಿಗೆ ಹೆಸರಾಗಿ ಕಟ್ಟಿದ; ಈಗದು ಕಿವಿಗಡಚಿಕ್ಕುವ ಗದ್ದಲ. ಬೆಡ್ಲಮ್ ಲಂಡನ್ನಿನಲ್ಲಿ 1247ರಲ್ಲಿ ಶುರುವಾಗಿ ಮುಂದೆ ಮಾನಸಿಕ ರೋಗಿಗಳ ಆಸ್ಪತ್ರೆಯಾದ ಒಂದು ಮಠದ ಹೆಸರಿನ ಸವೆದ ರೂಪ; ಈಗದು ಹುಚ್ಚುಗಲಾಟೆ. ಮೆಸ್ ಅಂದರೆ ಮೊದಲು ಒಂದು ಪಾಲು ಊಟ. ಹಾಸ್ಟೆಲಿನ ಮೆಸ್ಸೂ ಈ ಮೆಸ್ಸೂ ಒಂದೇ ಬೇರಿನವು. ಹ್ಯಾವಕ್ ಒಂದಿದೆ, ಹಾಳುಗೆಡವುವ ಅನಾಹುತಕ್ಕೆ; ಅದು ಕೆಲವೇ ಕ್ರಿಯಾಪದಗಳ ಜೊತೆ ಬಿಟ್ಟರೆ ಯಾರ ಜೊತೆಗೂ ಹೊಂದಿಕೊಳ್ಳುವುದಿಲ್ಲ. ಒಂದು ಕಣ್ಣಿಗೆ, ಒಂದು ಕಿವಿಗೆ, ಒಂದು ಆಡಳಿತಕ್ಕೆ ಅಂತ ಅವರು ಹಂಚಿಕೊಂಡಿದ್ದಾರೆ. ನೀನು ಆ ಪೆಟ್ಟಿಗೆಯಿಂದ ಒಂದನ್ನೇ ಎತ್ತಿಕೊಂಡು ಬಂದು, ನಮ್ಮ ಮನೆಯ ಪೆಟ್ಟಿಗೆಯನ್ನು ತೆರೆಯದೆ, ಅದು ಖಾಲಿ ಅಂದೆ.

ಈಗ ನನ್ನ ಹಳೆಯ ಹಟಕ್ಕೆ ಬರುತ್ತೇನೆ. ಕಪಾಟಿನಲ್ಲಿ ಹತ್ತು ಪುಸ್ತಕ ಇವೆ ಅಂದುಕೊ. ಅಕಾರಾದಿಯಾಗಿ ಜೋಡಿಸುವ ಕ್ರಮ ಒಂದೇ. ಒಟ್ಟು ಎಷ್ಟು ಥರ ಜೋಡಿಸಬಹುದು? ಹತ್ತನ್ನು ಒಂಬತ್ತರಿಂದ, ಅದನ್ನು ಎಂಟರಿಂದ, ಹೀಗೇ ಒಂದರವರೆಗೆ ಗುಣಿಸಿ ನೋಡು: 36,28,800. ಅಂದರೆ ಅಕ್ರಮಗಳು 36,28,799. ಕಪಾಟು ಕ್ರಮವಾಗಿತ್ತು ಅಂತ ನೀನು ಬರೆದರೆ ನನಗೆ ಕಪಾಟು ಕಾಣುತ್ತದೆ. ಕೇಯಾಸ್ ಆಗಿತ್ತು ಅಂತ ಬರೆದರೆ ಮೂವತ್ತಾರು ಲಕ್ಷ ಕಪಾಟುಗಳಲ್ಲಿ ಯಾವುದನ್ನು ನೋಡಲಿ? ಓದುಗ ಯಾವುದನ್ನೂ ನೋಡುವುದಿಲ್ಲ. ತಲೆಯಾಡಿಸಿ ಮುಂದಿನ ಸಾಲಿಗೆ ಹೋಗುತ್ತಾನೆ. ಬರೆದವರೂ ನೋಡಿಲ್ಲ ಅಂತ ಅವನಿಗೆ ಗೊತ್ತಾಗಿಬಿಡುತ್ತದೆ, ತಂಗಿ. ನಾನು ಇದನ್ನು ಪ್ರಾಮಾಣಿಕತೆಯ ಪ್ರಶ್ನೆ ಅನ್ನುತ್ತೇನೆ. ಕೆಲವರು ಶೈಲಿಯ ಪ್ರಶ್ನೆ ಅನ್ನುತ್ತಾರೆ, ಅನ್ನಲಿ.

ಮೂರನೆಯ ಪುಟ ತೆಗೆ. ‘ಅವಳು ಬಾಗಿಲು ತೆರೆದಾಗ ಕೋಣೆ ಕೇಯಾಸ್ ಆಗಿತ್ತು.’ ಯಾರು ಮಾಡಿದ್ದು? ಗಾಳಿಯೆ? ಗಾಳಿ ಹಗುರವಾದದ್ದನ್ನು ಮಾತ್ರ ಒಯ್ಯುತ್ತದೆ, ಅದೂ ಒಂದೇ ದಿಕ್ಕಿಗೆ: ಹಾಳೆಗಳೆಲ್ಲ ಎದುರಿನ ಗೋಡೆಯ ಬುಡದಲ್ಲಿ, ನೀರಿನ ಲೋಟ ಇದ್ದಲ್ಲೇ. ಮಗುವೆ? ಹಾಗಿದ್ದರೆ ಮೂರಡಿ ಎತ್ತರದವರೆಗೆ ಮಾತ್ರ ಅನಾಹುತ, ಅದರ ಮೇಲೆ ಎಲ್ಲ ಒಪ್ಪವಾಗಿ ಇರುತ್ತದೆ. ಏನನ್ನೋ ಹುಡುಕಿದವರೆ? ಆಗ ಮುಚ್ಚಿರಬೇಕಾದದ್ದೆಲ್ಲ ತೆರೆದಿರುತ್ತದೆ, ಹಾಸಿಗೆಯ ಅಂಚು ಮೇಲೆದ್ದಿರುತ್ತದೆ, ಮೊದಲೇ ತೆರೆದಿಟ್ಟಿದ್ದ ಕಪಾಟಿಗೆ ಕೈ ತಾಗಿರುವುದಿಲ್ಲ. ಗಂಟುಮೂಟೆ ಕಟ್ಟಿಕೊಂಡು ಹೋದವರೆ? ಅವರ ಗುರುತು ಬಿದ್ದಿರುವ ಸಾಮಾನಲ್ಲ, ಇಲ್ಲದಿರುವ ಸಾಮಾನು: ಧೂಳಿನ ನಡುವೆ ಚೌಕಾಕಾರದ ಸ್ವಚ್ಛ ಜಾಗ, ಬಟ್ಟೆಯಿಲ್ಲದ ಹ್ಯಾಂಗರು. ಈ ನಾಲ್ಕಕ್ಕೂ ‘ಚೆಲ್ಲಾಪಿಲ್ಲಿ’ ಹೊಂದುತ್ತದೆ, ಸಾಮಾನಿಗೆ ಅದೇ ಪದ. ಆದರೆ ಅದರ ಮೇಲೂ ಪೂರ್ತಿ ಭಾರ ಹಾಕಬೇಡ. ನಿನ್ನ ಕಥೆಯಲ್ಲಿ ಕೋಣೆ ಹೊಕ್ಕವನು ತಮ್ಮ, ವಿಲ್ ಹುಡುಕಿದ್ದಾನೆ ಎಂಬುದು ಹತ್ತೊಂಬತ್ತನೆಯ ಪುಟದಲ್ಲಿ ಬಯಲಾಗುತ್ತದೆ. ಮೂರನೆಯ ಪುಟದಲ್ಲೇ ಹಾಸಿಗೆಯ ಅಂಚು ಎತ್ತಿ ತೋರಿಸಿದ್ದರೆ ಹತ್ತೊಂಬತ್ತರಲ್ಲಿ ಅಷ್ಟು ವಿವರಣೆ ಬೇಕಾಗುತ್ತಿರಲಿಲ್ಲ.

ಆರನೆಯ ಪುಟದ ರೈಲು ನಿಲ್ದಾಣ. ಗಾಡಿ ಬೇರೆ ಪ್ಲಾಟ್‌ಫಾರ್ಮಿಗೆ ಬರುತ್ತದೆ ಅಂತ ಕೊನೆಗಳಿಗೆಯಲ್ಲಿ ಮೈಕಿನಲ್ಲಿ ಹೇಳುತ್ತಾರೆ, ‘ಎಲ್ಲೆಲ್ಲೂ ಕೇಯಾಸ್’. ಅಲ್ಲ ಮಾರಾಯ್ತಿ, ಅಲ್ಲಿ ಕನಿಷ್ಠ ಮೂರು ಸಂಗತಿ ಒಂದರ ಹಿಂದೊಂದು ನಡೆಯುತ್ತವೆ, ಕನ್ನಡ ಮೂರಕ್ಕೂ ಬೇರೆಬೇರೆ ಪದ ಇಟ್ಟುಕೊಂಡಿದೆ. ಮೈಕಿನ ಮಾತು ಅರ್ಧಂಬರ್ಧ ಕೇಳಿಸಿದಾಗ ಗಲಿಬಿಲಿ: ಎಲ್ಲರೂ ಪಕ್ಕದವರ ಮುಖ ನೋಡುತ್ತಾರೆ, ಯಾರೂ ಕದಲುವುದಿಲ್ಲ. ಯಾವ ಪ್ಲಾಟ್‌ಫಾರ್ಮು ಅಂತ ಗೊತ್ತಾದ ಕೂಡಲೇ ಗಡಿಬಿಡಿ: ಈಗ ದಿಕ್ಕು ಗೊತ್ತಿದೆ, ಹೊತ್ತಿಲ್ಲ, ಚೀಲ ಎಣಿಸುವುದು ಶುರು. ಮೆಟ್ಟಿಲ ಬುಡದಲ್ಲಿ ನೂಕುನುಗ್ಗಲು: ಇಲ್ಲಿ ದಿಕ್ಕೂ ಇದೆ, ಜಾಗ ಇಲ್ಲ. ಗದ್ದಲ ಅಂತೂ ಉದ್ದಕ್ಕೂ ಇರುತ್ತದೆ. ಗಲಿಬಿಲಿಯಲ್ಲಿರುವ ಮನುಷ್ಯನನ್ನು ಓಡಿಸಬೇಡ, ನೂಕುನುಗ್ಗಲಿನಲ್ಲಿರುವವನನ್ನು ಯೋಚನೆಗೆ ಹಚ್ಚಬೇಡ. ನೀನು ಎರಡನ್ನೂ ಮಾಡಿದ್ದೀಯ. ಒಂದೇ ಪದ ಹೊದಿಸಿದ್ದರಿಂದ ನಿನಗೆ ಅದು ಕಾಣಿಸಲಿಲ್ಲ.

ಹನ್ನೊಂದನೆಯ ಪುಟದಲ್ಲಿ ಅಪ್ಪ ತೀರಿಕೊಂಡ ಮೇಲೆ ಆಸ್ತಿಯ ಜಗಳ. ಅಲ್ಲಿ ಏನು ಬೇಕು ಅಂತ ನೀನೇ ನಿರ್ಧರಿಸಬೇಕು. ಮನೆಗೆ ಹೇಳುವವರು ಕೇಳುವವರು ಯಾರೂ ಇಲ್ಲವಾದರು ಅಂತಾದರೆ ಅರಾಜಕ, ರಾಜ ಇಲ್ಲದ್ದು. ಇಂಗ್ಲಿಷಿನ ಅನಾರ್ಕಿಯೂ ಅಕ್ಷರಶಃ ಅದೇ, ಆಳುವವನಿಲ್ಲದ್ದು. ಅಂಥ ಕಡೆ ದೊಡ್ಡ ಮೀನು ಚಿಕ್ಕ ಮೀನನ್ನು ನುಂಗುತ್ತದೆ ಅಂತ ನಮ್ಮ ಹಿಂದಿನವರು ಅದಕ್ಕೆ ಮತ್ಸ್ಯನ್ಯಾಯ ಎಂಬ ಹೆಸರಿಟ್ಟರು. ಇಲ್ಲ, ಬರೀ ದೊಡ್ಡಣ್ಣ ಸಣ್ಣದನ್ನು ದೊಡ್ಡದು ಮಾಡಿ ಕೂಗಾಡಿದ ಅಂತಾದರೆ ರಾದ್ಧಾಂತ. ಆ ಪದದ ಗತಿ ನೋಡು: ಸಂಸ್ಕೃತದಲ್ಲಿ ರಾದ್ಧಾಂತ ಅಂದರೆ ವಾದ ಮಾಡಿ ಸಾಧಿಸಿದ ತೀರ್ಮಾನ, ಸಿದ್ಧಾಂತ ಅನ್ನುವುದಕ್ಕೆ ಸಮ. ಕನ್ನಡಕ್ಕೆ ಬರುವಷ್ಟರಲ್ಲಿ ತೀರ್ಮಾನ ಬಿದ್ದುಹೋಯಿತು, ವಾದದ ಕೂಗಾಟ ಉಳಿಯಿತು. ಅಣ್ಣತಮ್ಮಂದಿರ ಜಗಳಕ್ಕೆ ಇದಕ್ಕಿಂತ ತಕ್ಕ ಪದ ಯಾವ ಭಾಷೆಯಲ್ಲಿ ಸಿಗುತ್ತದೆ, ಹೇಳು.

‘ಅಸ್ತವ್ಯಸ್ತ’ ನೀನು ಒಂದೇ ಸಲ ಬಳಸಿದ್ದೀಯ, ಅದೂ ‘ಜನಜೀವನ’ದ ಹಿಂದೆ. ಇದೊಂದು ವಿಷಯದಲ್ಲಿ ನನ್ನ ಸಿಟ್ಟು ಇಳಿಯುವುದಿಲ್ಲ. ಮಳೆ ಬಂದರೆ ಜನಜೀವನ ಅಸ್ತವ್ಯಸ್ತ, ಬಂದ್ ಆದರೆ ಜನಜೀವನ ಅಸ್ತವ್ಯಸ್ತ, ಕರೆಂಟ್ ಹೋದರೂ ಅದೇ. ಆ ಎರಡು ಪದಕ್ಕೆ ಮದುವೆ ಮಾಡಿಸಿದವರು ಯಾರೋ, ಬಿಡುಗಡೆ ಕೊಡಿಸುವವರು ಮಾತ್ರ ಸಿಗಲಿಲ್ಲ. ಅಸ್ತ ಅಂದರೆ ಇಲ್ಲಿ ಮುಳುಗಿದ್ದಲ್ಲ, ಎಸೆದದ್ದು. ವ್ಯಸ್ತ ಅಂದರೆ ಚದುರಿದ್ದು. ಎಸೆದು ಚದುರಿಸಿದ್ದು ಅನ್ನುವ ಎಷ್ಟು ಜೀವಂತ ಚಿತ್ರ! ಸೆರಗಿಗೆ, ಕೂದಲಿಗೆ, ದಿನಚರಿಗೆ ಅದನ್ನು ವಾಪಸ್ ಕೊಡು. ಅಲ್ಲೋಲಕಲ್ಲೋಲದ ಗತಿಯೂ ಇದೇ. ಕಲ್ಲೋಲ ಅಂದರೆ ಹೆದ್ದೆರೆ. ಒಂದು ಸುದ್ದಿ ಬಂದು ಮನೆಯೇ ಮೇಲೆ ಕೆಳಗೆ ಆಗುವ ಹೊತ್ತಿಗೆ ಅದು; ದಿನವೂ ಇರುವ ಗಲೀಜಿಗಲ್ಲ.

‘ಅವ್ಯವಸ್ಥೆ’ಯನ್ನು ನಿಘಂಟುಗಳು ಕೇಯಾಸ್‌ಗೂ ಡಿಸಾರ್ಡರ್‌ಗೂ ಮ್ಯಾನೇಜ್‌ಮೆಂಟ್ ಸರಿಯಿಲ್ಲದ್ದಕ್ಕೂ ಅಲ್ಪವಿರಾಮ ಹಾಕಿ ಹಾಕಿ ಕೊಡುತ್ತವೆ. ಆ ಅಲ್ಪವಿರಾಮಗಳನ್ನು ನಂಬಬೇಡ. ಅವ್ಯವಸ್ಥೆ ಬೈಗುಳದ ಪದ. ವ್ಯವಸ್ಥೆ ಮಾಡಬೇಕಾಗಿದ್ದವರು ಯಾರೋ ಇದ್ದರು, ಮಾಡಲಿಲ್ಲ ಎಂಬ ಆರೋಪ ಅದರೊಳಗೇ ಇದೆ. ಸಮಾರಂಭದಲ್ಲಿ ಕುರ್ಚಿ ಸಾಲದಿದ್ದರೆ ಅವ್ಯವಸ್ಥೆ. ಕಾಡಿನಲ್ಲಿ ಮರಗಳು ಸಾಲಾಗಿ ನಿಂತಿಲ್ಲ ಅಂತ ಯಾರೂ ಅವ್ಯವಸ್ಥೆ ಅನ್ನುವುದಿಲ್ಲ. ಇಪ್ಪತ್ತನೆಯ ಪುಟದಲ್ಲಿ ಊಟ ಬಿಟ್ಟು ಕೃಶಳಾಗುವ ಹುಡುಗಿಯ ಬಗ್ಗೆ ‘ಅವಳಿಗೆ ಆಹಾರ ಅವ್ಯವಸ್ಥೆ ಇತ್ತು’ ಅಂದಿದ್ದೀಯ. ಈಟಿಂಗ್ ಡಿಸಾರ್ಡರನ್ನು ಯಾವುದೋ ಯಂತ್ರ ಅನುವಾದಿಸಿದ ಹಾಗಿದೆ. ಓದಿದರೆ ಅಡುಗೆ ಕಂಟ್ರಾಕ್ಟರು ಕೈಕೊಟ್ಟ ಅಂತ ಕೇಳಿಸುತ್ತದೆ. ವೈದ್ಯರ ಡಿಸಾರ್ಡರ್ ಬೇರೆಯೇ ಸಂಗತಿ. ಅದಕ್ಕೆ ಕನ್ನಡದಲ್ಲಿ ಅಸ್ವಸ್ಥತೆ, ಕಾಯಿಲೆ, ತೊಂದರೆ ಇವೆ. ಇಂಗ್ಲಿಷಿನಲ್ಲೂ ಆ ಅರ್ಥ ಬಂದಾಗ ಡಿಸಾರ್ಡರ್ ಎಣಿಕೆಗೆ ಸಿಗುತ್ತದೆ, ‘ಎ’ ಸೇರುತ್ತದೆ. ಬೀದಿಯ ದೊಂಬಿಯ ಅರ್ಥದಲ್ಲಿ ಸೇರುವುದಿಲ್ಲ. ಡಿಸಾರ್ಡರ್ ಬೇರೆ, ‘ಔಟ್ ಆಫ್ ಆರ್ಡರ್’ ಬೇರೆ: ಲಿಫ್ಟಿನ ಮೇಲೆ ತೂಗುಹಾಕಿದ್ದರೆ ಕೆಟ್ಟಿದೆ ಅಂತ, ಸಭೆಯಲ್ಲಿ ಅಧ್ಯಕ್ಷರು ಹೇಳಿದರೆ ನಿಯಮ ಮೀರಿದೆ ಅಂತ.

ಇನ್ನು ಹದಿನೇಳನೆಯ ಪುಟ. ‘ಕೇಯಾಸ್ ಥಿಯರಿ ಹೇಳುವಂತೆ ಬದುಕಿನಲ್ಲಿ ಎಲ್ಲವೂ ಆಕಸ್ಮಿಕ.’ ಥಿಯರಿ ಹೇಳುವುದು ಇದಕ್ಕೆ ತದ್ವಿರುದ್ಧ. 1961ರಲ್ಲಿ ಎಡ್ವರ್ಡ್ ಲೊರೆನ್ಜ್ ಎಂಬ ಹವಾಮಾನ ವಿಜ್ಞಾನಿ ಹಳೆಯ ಲೆಕ್ಕವೊಂದನ್ನು ಕಂಪ್ಯೂಟರಿನಲ್ಲಿ ನಡುವಿನಿಂದ ಮತ್ತೆ ಓಡಿಸಲು 0.506127 ಎಂಬ ಅಂಕಿಯ ಬದಲು ಅಚ್ಚಿನ ಹಾಳೆಯಲ್ಲಿದ್ದ 0.506 ಹಾಕಿದ. ಮೊದಲು ಹಳೆಯ ಫಲಿತಾಂಶದ ಜೊತೆಗೇ ನಡೆದ ಹೊಸದು ಸ್ವಲ್ಪ ಹೊತ್ತಿನಲ್ಲಿ ಬೇರೆಯೇ ದಾರಿ ಹಿಡಿಯಿತು. ಯಂತ್ರ ತಪ್ಪು ಮಾಡಿರಲಿಲ್ಲ, ನಿಯಮವೂ ಬದಲಾಗಿರಲಿಲ್ಲ. ನೀನೇ ಕ್ಯಾಲ್ಕುಲೇಟರ್ ಹಿಡಿದು ನೋಡು. ಸೊನ್ನೆ ಮತ್ತು ಒಂದರ ನಡುವಿನ ಒಂದು ಸಂಖ್ಯೆ ತೆಗೆದುಕೊ, ಒಂದರಿಂದ ಅದನ್ನು ಕಳೆ, ಉಳಿದದ್ದನ್ನು ಅದೇ ಸಂಖ್ಯೆಯಿಂದ ಗುಣಿಸು, ಬಂದದ್ದನ್ನು ನಾಲ್ಕರಿಂದ ಗುಣಿಸು. ಸಿಕ್ಕಿದ ಉತ್ತರಕ್ಕೆ ಮತ್ತೆ ಅದನ್ನೇ ಮಾಡು. 0.4ರಿಂದ ಹೊರಟರೆ ಮೊದಲ ಸುತ್ತಿಗೆ 0.96 ಬರುತ್ತದೆ, 0.401ರಿಂದ ಹೊರಟರೆ 0.9608. ಅವಳಿಜವಳಿ. ಹತ್ತನೆಯ ಸುತ್ತಿಗೆ ಒಂದು 0.298ರ ಹತ್ತಿರ ಇರುತ್ತದೆ, ಇನ್ನೊಂದು 0.997. ಪ್ರತಿ ಹೆಜ್ಜೆಯೂ ನಿಯಮದ ಪ್ರಕಾರವೇ. ಆಕಸ್ಮಿಕಕ್ಕೆ ಎಲ್ಲೂ ಜಾಗವಿಲ್ಲ. ಹೊರಡುವಾಗಿನ ಕೂದಲೆಳೆಯ ವ್ಯತ್ಯಾಸ ಬೆಳೆದುಬಿಡುತ್ತದೆ, ಅಷ್ಟೆ. ಗಣಿತದಲ್ಲಿ ಇದಕ್ಕೆ ಕೇಯಾಸ್ ಎಂಬ ಹೆಸರು ಗಟ್ಟಿಯಾದದ್ದು 1975ರ ಒಂದು ಪ್ರಬಂಧದಿಂದ. ಅದನ್ನು ‘ಅವ್ಯವಸ್ಥೆಯ ಸಿದ್ಧಾಂತ’ ಅಂತ ಕನ್ನಡಿಸುವವರು ಅರ್ಥವನ್ನು ತಲೆಕೆಳಗು ಮಾಡಿದ್ದಾರೆ. ಇಲ್ಲಿ ಮಾತ್ರ ಕೇಯಾಸ್ ಅಂತಲೇ ಬರೆ, ನನ್ನ ಅಡ್ಡಿಯಿಲ್ಲ. ಆದರೆ ಆ ಸಾಲು ನಿನ್ನ ಕಥೆಗೆ ಬೇಕೆ? ಬೇಕಾದರೆ ಸರಿಯಾಗಿ ಹೇಳು: ತಮ್ಮ ಆ ದಿನ ಹತ್ತು ನಿಮಿಷ ತಡವಾಗಿ ಹೊರಟ, ಉಳಿದದ್ದೆಲ್ಲ ನಿಯಮದ ಪ್ರಕಾರವೇ ನಡೆಯಿತು. ಇದು ನಿನ್ನ ಸಾಲಿಗಿಂತ ಭಯ ಹುಟ್ಟಿಸುತ್ತದೆ.

ಇಷ್ಟೆಲ್ಲ ಬೈದ ಮೇಲೆ ಹದಿನಾಲ್ಕನೆಯ ಪುಟಕ್ಕೆ ಬರುತ್ತೇನೆ. ಅಪ್ಪನನ್ನು ಒಯ್ದ ಮೇಲೆ ‘ಅಮ್ಮ ಎಡಗಾಲಿಗೆ ಅಪ್ಪನ ಚಪ್ಪಲಿ, ಬಲಗಾಲಿಗೆ ತನ್ನದು ಮೆಟ್ಟಿಕೊಂಡು ಗೇಟಿನವರೆಗೆ ನಡೆದಳು’ ಅಂತ ಬರೆದಿದ್ದೀಯ. ಇದನ್ನು ಯಾರಿಂದಲೂ ಕಲಿಸಲಿಕ್ಕಾಗುವುದಿಲ್ಲ. ಮೂವತ್ತಾರು ಲಕ್ಷದಲ್ಲಿ ಒಂದನ್ನು ನೀನು ಕಣ್ಣಾರೆ ಕಂಡು ಎತ್ತಿಕೊಟ್ಟಿದ್ದೀಯ. ಆಮೇಲೆ, ನನ್ನ ಹಣೆಬರಹ, ಮುಂದಿನ ಸಾಲು: ‘ಅವಳೊಳಗೆ ಕೇಯಾಸ್ ಇತ್ತು.’ ಓದುಗನಿಗೆ ತಿಳಿಯದೆ ಹೋದೀತೆಂಬ ಭಯವೆ? ಅವನಿಗೆ ತಿಳಿದಿತ್ತು, ನೀನು ಹೋಗಿ ಕೆಡಿಸಿದೆ. ನಿನ್ನ ಗೆಳತಿಯರು ಮೆಚ್ಚಿಕೊಂಡದ್ದು ಆ ಎರಡನೆಯ ಸಾಲನ್ನೇ ಅಂತ ಬರೆದಿದ್ದೀಯ. ಗೆಳತಿಯರ ಮೇಲೆ ನನಗೆ ದ್ವೇಷವಿಲ್ಲ, ಅವರಿಗೆ ಕಥೆ ಕೊಡುವುದನ್ನು ಮಾತ್ರ ಸ್ವಲ್ಪ ದಿನ ನಿಲ್ಲಿಸು.

ಕೊನೆಗೆ ನಿನ್ನ ತಲೆ. ಅದರೊಳಗೆ ಇರುವುದು ಕೇಯಾಸ್ ಅಲ್ಲ, ನಿನ್ನ ಕಾಗದ ಓದಿದರೇ ಗೊತ್ತಾಗುತ್ತದೆ. ಹೀಗೋ ಹಾಗೋ ಅಂತ ಎರಡರ ನಡುವೆ ತೂಗಾಡಿದರೆ ಅದು ಗೊಂದಲ. ನಿನಗೆ ಆ ಕಾಯಿಲೆಯೂ ಇಲ್ಲ, ಏನು ಬೇಕೆಂದು ಚೆನ್ನಾಗಿ ಗೊತ್ತಿದೆ. ಇರುವುದು ಸಿಕ್ಕು. ಕಥೆಗೆ ಕೊನೆ ಹೊಳೆಯುತ್ತಿಲ್ಲ. ಆ ಅಪ್ಪ ನಿನ್ನಪ್ಪನೇ ಅಂತ ಮನೆಯವರು ಗುರುತು ಹಿಡಿದಾರೆಂಬ ಅಂಜಿಕೆ. ಜೊತೆಗೆ ಹೊಗಳಿಕೆಯ ರುಚಿ. ಮೂರು ಎಳೆ ಸುತ್ತಿಕೊಂಡಿವೆ. ಸಿಕ್ಕನ್ನು ಎಳೆದರೆ ಗಂಟು ಬಿಗಿಯುತ್ತದೆ, ನೀನು ಈಗ ಮಾಡುತ್ತಿರುವುದು ಅದನ್ನೇ. ಸಡಿಲ ಬಿಟ್ಟು ಒಂದು ತುದಿ ಹುಡುಕಬೇಕು. ನನಗೆ ಕಾಣುತ್ತಿರುವ ತುದಿ ಎರಡನೆಯ ಎಳೆಯದು. ಮನೆಯವರಿಗೆ ಗುರುತು ಸಿಗಬಾರದೆಂದು ನೀನು ಅಪ್ಪನ ಮುಖದ ಮೇಲೆಲ್ಲ ಮಂಜು ಎರಚಿದ್ದೀಯ. ಹನ್ನೊಂದರಲ್ಲಿ ಏಳು ಕೇಯಾಸ್ ಇರುವುದು ಅಪ್ಪನ ಸುತ್ತಮುತ್ತಲೇ. ಬೇಕಾದರೆ ಎಣಿಸಿಕೊ.

ಈಗಲೇ ಎಲ್ಲ ತಿದ್ದಲು ಹೋಗಬೇಡ. ಹದಿನಾಲ್ಕನೆಯ ಪುಟದ ಆ ಎರಡನೆಯ ಸಾಲನ್ನು ಹೊಡೆದುಹಾಕು. ಮೂರನೆಯ ಪುಟದಲ್ಲಿ ತಮ್ಮ ಯಾವ ಯಾವ ಖಾನೆ ತೆರೆದ, ಯಾವುದಕ್ಕೆ ಕೈ ಹಾಕಲಿಲ್ಲ ಅಂತ ಬೇರೆ ಹಾಳೆಯಲ್ಲಿ ಬರೆದು ನನಗೆ ಕಳಿಸು, ಕಥೆಗೆ ಸೇರಿಸಬೇಕಾಗಿಲ್ಲ. ಶೀರ್ಷಿಕೆಯ ಮಾತು ಆಮೇಲೆ ಆಡೋಣ.

ಇತಿ,
ನಿನ್ನ ಅಣ್ಣ